ಮೊದಲು ಕರಡಿಯೋ, ರೋಲರ್ ಕೋಸ್ಟರೋ? ಜರ್ಮನಿಯ ಹಳ್ಳಿಗಾಡಿನಲ್ಲಿ ಮನೆಮಂದಿಗೆಲ್ಲ ಆಗುವ ಪಾರ್ಕ್ ಆರಿಸುವ ಬಗೆ

ಜರ್ಮನಿಯಲ್ಲಿ ಊರು ದಾಟಿ ಸ್ವಲ್ಪ ದೂರ ಹೋದರೆ ಸಾಕು, ದ್ರಾಕ್ಷಿ ತೋಟದ ಪಕ್ಕದಲ್ಲೋ ಕಾಡಿನ ಅಂಚಿನಲ್ಲೋ ಒಂದು ಪಾರ್ಕ್ ಸಿಗುತ್ತದೆ. ವಿಲ್ಡ್ ಉಂಡ್ ಫ್ರೈಟ್ಸೈಟ್‌ಪಾರ್ಕ್ ಅಂತ ಬೋರ್ಡ್ ಇರುತ್ತದೆ. ಅಂದರೆ ಕಾಡುಪ್ರಾಣಿಗಳೂ ಇವೆ, ಆಟಗಳೂ ಇವೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಮಕ್ಕಳನ್ನು ಕಟ್ಟಿಕೊಂಡು ಇಂಥ ಜಾಗಗಳನ್ನು ಸುತ್ತಿ ಸುತ್ತಿ ನನಗೆ ಗೊತ್ತಾದ ಸಂಗತಿ ಏನೆಂದರೆ, ಎರಡೂ ಸಮಸಮ ಇರುವ ಪಾರ್ಕ್ ಬಹಳ ಕಡಿಮೆ. ಕೆಲವು ನಿಜಕ್ಕೂ ಆಟದ ಪಾರ್ಕ್‌ಗಳು, ಒಂದು ಮೂಲೆಯಲ್ಲಿ ನಾಲ್ಕು ಜಿಂಕೆ ಇರುತ್ತವೆ. ಕೆಲವು ನಿಜಕ್ಕೂ ಪ್ರಾಣಿಗಳ ಕಾಡು, ಮಕ್ಕಳು ಅಳಬಾರದು ಅಂತ ಒಂದು ಜಾರುಬಂಡೆ, ಒಂದು ಉಯ್ಯಾಲೆ ಹಾಕಿರುತ್ತಾರೆ. ಎರಡರಲ್ಲಿ ನಿಮಗೆ ಯಾವುದು ಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ಇಲ್ಲದಿದ್ದರೆ ದುಡ್ಡೂ ಹೋಗುತ್ತದೆ, ಭಾನುವಾರವೂ ಹೋಗುತ್ತದೆ.

ನಾವಿರುವುದು ಸ್ಟುಟ್‌ಗಾರ್ಟ್ ಹತ್ತಿರ. ಮಗನಿಗೆ 8, ಮಗಳಿಗೆ 4. ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮೂರು ತಿಂಗಳ ವೀಸಾ, ಅಷ್ಟರಲ್ಲಿ ಎಲ್ಲ ತೋರಿಸಬೇಕು. ಹೀಗಾಗಿ ನಾನು ಪಾರ್ಕ್ ಆರಿಸುವಾಗ ಎಷ್ಟು ರೈಡ್ ಇವೆ ಅಂತ ಎಣಿಸುವುದನ್ನು ಬಿಟ್ಟುಬಿಟ್ಟಿದ್ದೇನೆ. ಎರಡೇ ಅಳತೆ ನೋಡುತ್ತೇನೆ. ಮಗಳ ಎತ್ತರ ಎಷ್ಟು, ಅಮ್ಮನ ಮಂಡಿನೋವು ಹೇಗಿದೆ.

ಟ್ರಿಪ್ಸ್‌ಡ್ರಿಲ್: ಒಂದೇ ದಿನದಲ್ಲಿ ಎರಡೂ ಬೇಕು ಅನ್ನುವವರಿಗೆ

ನನ್ನನ್ನು ಕೇಳಿದರೆ ಮೊದಲ ಹೆಸರು ಇದೇ. ಸ್ಟುಟ್‌ಗಾರ್ಟ್‌ನಿಂದ ಉತ್ತರಕ್ಕೆ, ಹೈಲ್‌ಬ್ರೋನ್ ಕಡೆಗೆ, ಕ್ಲೇಬ್ರೋನ್ ಅನ್ನುವ ಹಳ್ಳಿಯ ಪಕ್ಕದಲ್ಲಿದೆ. ಸುತ್ತ ದ್ರಾಕ್ಷಿ ತೋಟ, ಹಿಂದೆ ಸ್ಟ್ರೋಮ್‌ಬೆರ್ಗ್ ಕಾಡು. 1929 ರಲ್ಲಿ ಶುರುವಾದದ್ದು. ಜರ್ಮನಿಯ ಅತಿ ಹಳೆಯ ಆಟದ ಪಾರ್ಕ್ ಅಂತ ಇದನ್ನೇ ಹೇಳುತ್ತಾರೆ. ಇವತ್ತಿಗೂ ಫಿಶರ್ ಅನ್ನುವ ಒಂದೇ ಮನೆತನ ನಡೆಸುತ್ತಿದೆ.

ಶುರುವಾದ ಕಥೆಯೇ ಮಜಾ ಇದೆ. ಮೊದಲು ಕಟ್ಟಿದ್ದು ಒಂದು ಗಾಳಿ ಗಿರಣಿ, ಆಲ್ಟ್‌ವೈಬರ್‌ಮ್ಯೂಲೆ, ಅಂದರೆ ಅಜ್ಜಿಯರ ಗಿರಣಿ. ಮೇಲಿಂದ ಮುದುಕಿ ಹೋದರೆ ಕೆಳಗೆ ಹುಡುಗಿಯಾಗಿ ಬರುತ್ತಾಳೆ ಅನ್ನುವುದು ಹಳೆಯ ಜನಪದ ತಮಾಷೆ. ಆ ಮೊದಲ ಗಿರಣಿ 1946 ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು, 1950 ರಲ್ಲಿ ಮತ್ತೆ ಕಟ್ಟಿದರು. ನಮ್ಮಮ್ಮನಿಗೆ ಈ ಕಥೆ ಹೇಳಿದಾಗ, "ಹೋಗಿ ಬರ್ತೀನಿ, ಆದ್ರೆ ಅಪ್ಪನ್ನೂ ಕಳಿಸ್ಬೇಕು, ಇಲ್ದಿದ್ರೆ ಜೋಡಿ ಸರಿಹೋಗಲ್ಲ" ಅಂದರು.

ಪಾರ್ಕಿನ ಆಟಗಳೆಲ್ಲ ಹಳೆಯ ಸ್ವಾಬಿಯನ್ ಹಳ್ಳಿಯ, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಈ ಸೀಮೆಯ ಹಳ್ಳಿಯ ಹಾಗೆ ಕಾಣುತ್ತವೆ. ಬಟ್ಟೆ ಒಗೆಯುವ ಮರದ ತೊಟ್ಟಿಯಲ್ಲಿ ಕೂತು ನೀರಲ್ಲಿ ತೇಲುತ್ತೀರಿ, ಸ್ನಾನದ ತೊಟ್ಟಿಯಲ್ಲಿ ಕೂತು ಎತ್ತರದಿಂದ ನೀರಿಗೆ ಬೀಳುತ್ತೀರಿ. ಪ್ಲಾಸ್ಟಿಕ್ ಗೊಂಬೆ, ಸಿನಿಮಾ ಪಾತ್ರಗಳ ಕಾಟ ಇಲ್ಲ. ಆದರೆ ಹಳ್ಳಿ ಥರ ಇದೆ ಅಂತ ರೈಡ್‌ಗಳು ಸಪ್ಪೆ ಅಂದುಕೊಳ್ಳಬೇಡಿ. 2008 ರಲ್ಲಿ ಬಂದ ಮಾಮುಟ್ ಮರದ ರೋಲರ್ ಕೋಸ್ಟರ್, ಗಂಟೆಗೆ 90 ಕಿ.ಮೀ. ಮುಟ್ಟುತ್ತದೆ, ಮರದ ತೊಲೆಗಳು ಕಿರುಗುಟ್ಟುವ ಸದ್ದಿಗೇ ಅರ್ಧ ಜೀವ ಹೋಗುತ್ತದೆ. 2013 ರಲ್ಲಿ ಬಂದ ಕರಾಚೊ ನಿಂತಲ್ಲಿಂದ ಎರಡು ಸೆಕೆಂಡ್‌ ಆಗುವಷ್ಟರಲ್ಲಿ 100 ಕಿ.ಮೀ. ವೇಗಕ್ಕೆ ಹೋಗುತ್ತದೆ. ನಾನು ಒಮ್ಮೆ ಕೂತೆ. ಸಾಕು. 2020 ರಲ್ಲಿ ಇನ್ನೆರಡು ಬಂದವು. ಅವುಗಳಲ್ಲಿ ಫೋಲ್‌ಡಾಂಪ್ಫ್ ಅನ್ನುವುದು ಮಕ್ಕಳನ್ನು ಕೂರಿಸಿಕೊಂಡು ಹೋಗುವಂಥದ್ದು, ಮಗನ ಮೊದಲ ರೋಲರ್ ಕೋಸ್ಟರ್ ಅದೇ.

ಈಗ ಪ್ರಾಣಿಗಳ ವಿಷಯ. ಆಟದ ಪಾರ್ಕಿನ ಪಕ್ಕದಲ್ಲೇ ವಿಲ್ಡ್‌ಪರಡೀಸ್ ಇದೆ, 1972 ರಿಂದ. ಗೇಟ್ ಬೇರೆ, ಕಾಡು ಬೇರೆ, ಆದರೆ ದಿನದ ಟಿಕೆಟ್ ಎರಡಕ್ಕೂ ನಡೆಯುತ್ತದೆ. ಕರಡಿ, ತೋಳ, ಗಿಡ್ಡ ಬಾಲದ ದೊಡ್ಡ ಬೆಕ್ಕಾದ ಲಿಂಕ್ಸ್, ಕಾಡುಬೆಕ್ಕು, ಕಾಡುಹಂದಿ ಇವೆ. ಕೆಲವು ಜಾತಿಯ ಜಿಂಕೆಗಳು ದಾರಿಯಲ್ಲೇ ಓಡಾಡಿಕೊಂಡು ನಿಮ್ಮ ಜೇಬು ಮೂಸುತ್ತವೆ. ಹದ್ದು, ಗಿಡುಗ ಹಾರಿಸಿ ತೋರಿಸುವ ಪ್ರದರ್ಶನವೂ ಇದೆ. ತೋಳ, ಕರಡಿಗಳಿಗೆ ಆಹಾರ ಹಾಕುವ ಹೊತ್ತನ್ನು ಗೇಟಿನಲ್ಲೇ ಕೇಳಿಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ತೋಳ ಪೊದೆಯ ಹಿಂದೆ ಮಲಗಿರುತ್ತದೆ, ನೀವು ಬೇಲಿ ಹಿಡಿದು ಅರ್ಧ ಗಂಟೆ ನಿಂತರೂ ಬಾಲ ಸಹ ಕಾಣಲ್ಲ.

ಇದರ ತೊಂದರೆ ಏನು? ಜಾಗ ದೊಡ್ಡದು, ಒಟ್ಟು 77 ಹೆಕ್ಟೇರ್. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಎರಡನ್ನೂ ಒಂದೇ ದಿನ ಪೂರ್ತಿ ನೋಡಲು ಆಗಲ್ಲ. ಹೆಚ್ಚಿನವರು ಬೆಳಿಗ್ಗೆ ಆಟ ಆಡಿ, ಸುಸ್ತಾಗಿ, ಸಂಜೆ ಪ್ರಾಣಿ ನೋಡೋಣ ಅಂತ ಹೋಗುತ್ತಾರೆ. ಅಷ್ಟೊತ್ತಿಗೆ ಜಿಂಕೆಗಳ ಹೊಟ್ಟೆ ತುಂಬಿರುತ್ತದೆ, ಮಕ್ಕಳ ತಲೆ ಕೆಟ್ಟಿರುತ್ತದೆ. ನಾವು ಮಾಡುವುದು ಉಲ್ಟಾ. ಗೇಟ್ ತೆಗೆಯುತ್ತಿದ್ದಂತೆ ಕಾಡಿನ ಕಡೆ, ಮಧ್ಯಾಹ್ನ ಊಟ ಮಾಡಿ ಆಟದ ಕಡೆ, ಸಂಜೆ ಕ್ಯೂ ಕರಗಿದಾಗ ದೊಡ್ಡ ರೈಡ್‌ಗಳು. ಅಪ್ಪ ಅಮ್ಮ ಜೊತೆಯಲ್ಲಿದ್ದು ಆಟ ಯಾರಿಗೂ ಬೇಡ ಅಂದರೆ ವಿಲ್ಡ್‌ಪರಡೀಸ್‌ಗೆ ಮಾತ್ರ ಬೇರೆ ಟಿಕೆಟ್ ಸಿಗುತ್ತದೆ, ಎಷ್ಟೋ ಅಗ್ಗ. ಚಳಿಗಾಲದಲ್ಲಿ ಆಟದ ಪಾರ್ಕ್ ಮುಚ್ಚಿದ್ದರೂ ಈ ಕಡೆ ತೆರೆದಿರುತ್ತದೆ. ರಾತ್ರಿ ಉಳಿಯಬೇಕೆಂದರೆ ಮರದ ಮೇಲಿನ ಮನೆಗಳೂ ಕುರುಬರ ಗಾಡಿಗಳೂ ಇವೆ. ದುಬಾರಿಯೇ, ಆದರೆ ಕುರುಬರ ಗಾಡಿಯಲ್ಲಿ ಮಲಗಿದ್ದನ್ನು ಮಕ್ಕಳು ಇನ್ನೂ ಹೇಳುತ್ತಿರುತ್ತಾರೆ.

ಸ್ಟೈನ್‌ವಾಸನ್: ನೋಟ ಚಂದ, ಮಂಡಿಗೆ ಕಷ್ಟ

ಫ್ರೈಬುರ್ಗ್ ಕಡೆಯವರಿಗೆ, ಅಥವಾ ಬ್ಲ್ಯಾಕ್ ಫಾರೆಸ್ಟ್‌ಗೆ ಪ್ರವಾಸ ಹೋದವರಿಗೆ ಇದು. ಓಬರ್‌ರೀಡ್ ಹಳ್ಳಿಯ ಬಳಿ, ಬೆಟ್ಟದ ಇಳಿಜಾರಿನಲ್ಲಿ. ಇಲ್ಲಿನ ಹೆಸರುವಾಸಿ ಸಂಗತಿ ಕಣಿವೆಯ ಮೇಲೆ ಕಟ್ಟಿದ 218 ಮೀಟರ್ ಉದ್ದದ ತೂಗುಸೇತುವೆ. ನಡೆದಂತೆಲ್ಲ ಸ್ವಲ್ಪ ತೂಗುತ್ತದೆ. ಕೆಳಗೆ ಕಾಡು. ನಮ್ಮ ಕಡೆ ಹೊಳೆ ದಾಟುವ ತೂಗುಸೇತುವೆಗಳ ಮೇಲೆ ಓಡಾಡಿ ಬೆಳೆದ ಅಪ್ಪ ಕೈ ಹಿಂದೆ ಕಟ್ಟಿಕೊಂಡು ದಾಟಿಬಿಟ್ಟರು. ನಾನು ಹಗ್ಗ ಹಿಡಿದುಕೊಂಡೇ ದಾಟಿದ್ದು.

ಕುರ್ಚಿ ಲಿಫ್ಟ್‌ನಲ್ಲಿ ಮೇಲೆ ಹೋಗಿ ಜಾರುಗಾಡಿಯಲ್ಲಿ ಕೆಳಗೆ ಬರುವುದು ಇಲ್ಲಿನ ಮುಖ್ಯ ಆಟ. ಬ್ರೇಕ್ ನಿಮ್ಮ ಕೈಯಲ್ಲೇ ಇರುತ್ತದೆ, ಹೆದರುವವರು ನಿಧಾನ ಬರಬಹುದು, ಹಿಂದೆ ಬರುವವರು ಬೈಯುತ್ತಾರೆ ಅಷ್ಟೆ. ಪ್ರಾಣಿಗಳು ಬೆಟ್ಟದವು. ಉದ್ದ ಕೊಂಬಿನ ಬೆಟ್ಟದ ಮೇಕೆ, ದೊಡ್ಡ ಕೆಂಪು ಜಿಂಕೆ, ದಪ್ಪ ಅಳಿಲಿನ ಹಾಗಿರುವ ಮಾರ್ಮಟ್. ಇಲ್ಲಿ ಪ್ರಾಣಿ ನೋಡಬೇಕೆಂದರೆ ಹತ್ತಲೇಬೇಕು. ಸ್ಟ್ರೋಲರ್ ತಳ್ಳುವವರು, ಮಂಡಿನೋವು ಇರುವವರು ಮೊದಲೇ ಯೋಚಿಸಿ. ಮಳೆ ಬಂದರೆ ಜಾರುಗಾಡಿ ನಿಲ್ಲಿಸುವುದುಂಟು, ಆಗ ಬಂದದ್ದೇ ವ್ಯರ್ಥ ಅನ್ನಿಸಬಹುದು. ಹಾಗಾಗಿ ಇಲ್ಲಿಗೆ ಹವಾಮಾನ ನೋಡಿ, ಹಿಂದಿನ ದಿನ ರಾತ್ರಿ ಟಿಕೆಟ್ ತೆಗೆಯಿರಿ. ಐದರಿಂದ ಹತ್ತು ವರ್ಷದ ಮಕ್ಕಳಿದ್ದು ದೊಡ್ಡವರ ಕಾಲು ಗಟ್ಟಿಯಿದ್ದರೆ ಇದಕ್ಕಿಂತ ಚಂದದ ದಿನ ಸಿಗಲ್ಲ.

ಸೆರೆಂಗೆಟಿ: ಹುಲಿ ಸಿಂಹವೇ ಬೇಕು ಅನ್ನುವವರಿಗೆ

ಇದು ತೀರಾ ಉತ್ತರದಲ್ಲಿ, ಹೋಡನ್‌ಹಾಗನ್ ಅನ್ನುವ ಹಳ್ಳಿಯಲ್ಲಿ. ಹ್ಯಾನೋವರ್, ಬ್ರೆಮನ್, ಹ್ಯಾಂಬುರ್ಗ್ ಮೂರೂ ಊರುಗಳ ನಡುವೆ. 1974 ರಲ್ಲಿ ಶುರುವಾಯಿತು. ಸುಮಾರು 1500 ಪ್ರಾಣಿಗಳಿವೆ. ನಿಮ್ಮ ಕಾರಲ್ಲೇ ಹತ್ತು ಕಿ.ಮೀ. ಸಫಾರಿ. ಜಿರಾಫೆ ಕಿಟಕಿಗೆ ಮುಖ ತರುತ್ತದೆ, ಘೇಂಡಾಮೃಗ ರಸ್ತೆ ದಾಟುವವರೆಗೆ ನೀವು ಕಾಯಬೇಕು. ಸಿಂಹ, ಹುಲಿ ಇರುವ ಕಡೆ ಗಾಜು ಇಳಿಸುವ ಹಾಗಿಲ್ಲ. ಕಾರಿಗೆ ಗೀರು ಬಿದ್ದರೆ ಅನ್ನುವ ಚಿಂತೆ ಇರುವವರಿಗೆ, ಕಾರಿಲ್ಲದವರಿಗೆ ಪಾರ್ಕಿನದೇ ಬಸ್ ಇದೆ, ಅದಕ್ಕೆ ಬೇರೆ ದುಡ್ಡು. ಬಾಡಿಗೆ ಕಾರಾಗಿದ್ದರೆ ಬಸ್ಸೇ ವಾಸಿ. ಅದರಲ್ಲಿ ವಿವರಣೆ ಜರ್ಮನ್‌ನಲ್ಲೇ ನಡೆಯುತ್ತದೆ, ಹಿರಿಯರಿಗೆ ನೀವೇ ಪಕ್ಕದಲ್ಲಿ ಕೂತು ಹೇಳಬೇಕಾಗಬಹುದು.

ಸಫಾರಿ ಮುಗಿದ ಮೇಲೆ ಆಟದ ಭಾಗವೂ ದೊಡ್ಡದೇ ಇದೆ, ರೋಲರ್ ಕೋಸ್ಟರ್, ನೀರಿನ ಆಟ ಎಲ್ಲ. ಆಫ್ರಿಕಾ ಥರದ ಲಾಡ್ಜ್‌ಗಳಲ್ಲಿ ಉಳಿದರೆ ಬೆಳಿಗ್ಗೆ ಕಿಟಕಿಯಿಂದಲೇ ಪ್ರಾಣಿ ಕಾಣುತ್ತದೆ. ಮಂಡಿನೋವಿನ ಹಿರಿಯರಿಗೆ ನಿಜಕ್ಕೂ ಅನುಕೂಲವಾದದ್ದು ಇದೇ, ಅರ್ಧ ದಿನ ಕೂತಲ್ಲೇ ಕಳೆಯುತ್ತದೆ.

ಆದರೆ ಒಂದು ಮಾತು. ಊರಿಂದ ಬಂದವರಿಗೆ ಹುಲಿ, ಆನೆ ತೋರಿಸೋಕೆ ಅಂತ ಸ್ಟುಟ್‌ಗಾರ್ಟ್‌ನಿಂದ 500 ಕಿ.ಮೀ. ದಾಟಿ ಹೋಗುವುದರಲ್ಲಿ ಅರ್ಥವಿಲ್ಲ. ಅಪ್ಪನಿಗೆ ಫೋಟೋ ತೋರಿಸಿದೆ. "ಎಂತ ಮಾರಾಯ, ಹುಲಿ ನೋಡೋಕೆ ಜರ್ಮನಿಗೆ ಬರಬೇಕಾ, ನಮ್ಮ ತ್ಯಾವರೆಕೊಪ್ಪಕ್ಕೆ ಹೋದರೆ ಸಾಕಲ್ಲ" ಅಂದರು. ಶಿವಮೊಗ್ಗದ ಪಕ್ಕದ ಹುಲಿ-ಸಿಂಹ ಧಾಮ ಅದು. ಸರಿಯಾದ ಮಾತೇ. ಹ್ಯಾನೋವರ್ ಸುತ್ತ ಇರುವವರು, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿರುವವರು ಖಂಡಿತ ಹೋಗಿ. ಅದೇ ಸುತ್ತಿನಲ್ಲಿ ವಾಲ್ಸ್‌ರೋಡೆಯ ಪಕ್ಷಿ ಪಾರ್ಕ್ ಇದೆ, ಸೋಲ್ಟಾವ್‌ನಲ್ಲಿ ಹೈಡೆ ಪಾರ್ಕ್ ಇದೆ. ಎರಡು ಮೂರು ದಿನದ ಪ್ರವಾಸಕ್ಕೆ ಸರಿಯಾಗುತ್ತದೆ.

ಪೋಯಿಂಗ್, ಮತ್ತೆ ಆ ಕಾಡುಹಂದಿ

ಮ್ಯೂನಿಕ್‌ನವರಿಗೆ ನಾನು ಹೇಳುವುದು ಪಕ್ಕದ ಪೋಯಿಂಗ್‌ನ ಪ್ರಾಣಿಗಳ ಪಾರ್ಕ್. ಇಲ್ಲಿ ರೈಡ್ ಇಲ್ಲ. ದೊಡ್ಡ ಆಟದ ಮೈದಾನ ಇದೆ, ಅಷ್ಟೆ. ಹೋಲಿಕೆಯಲ್ಲಿ ಇದನ್ನು ಯಾಕೆ ಸೇರಿಸಿದೆ ಅಂದರೆ, ನಾಲ್ಕು ವರ್ಷದೊಳಗಿನ ಮಗುವಿದ್ದರೆ ಮೇಲಿನ ಮೂರಕ್ಕಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಎಸ್2 ರೈಲು ಹಿಡಿದು ಪೋಯಿಂಗ್‌ನಲ್ಲಿ ಇಳಿದು ನಡೆದರೆ ಸಾಕು, ಕಾರು ಬೇಡ. ಟಿಕೆಟ್ ದೊಡ್ಡ ಪಾರ್ಕಿನ ಅರ್ಧಕ್ಕಿಂತ ಕಡಿಮೆ. ದಾರಿ ಬಹುಮಟ್ಟಿಗೆ ಸಮತಟ್ಟು. ಚುಕ್ಕೆ ಜಿಂಕೆಗಳು ಗುಂಪಾಗಿ ಬಂದು ಕೈಯಿಂದಲೇ ತಿನ್ನುತ್ತವೆ. ಕರಡಿ, ತೋಳ, ಲಿಂಕ್ಸ್ ಕೂಡ ಇವೆ. ವರ್ಷಪೂರ್ತಿ ತೆರೆದಿರುತ್ತದೆ.

ಕರಡಿಯೆಂದರೆ ಇಲ್ಲಿನವರಿಗೆ ಯಾಕಷ್ಟು ಆಸೆ ಅಂತ ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಈ ದೇಶದ ಕಾಡಿನಲ್ಲಿ ಕರಡಿಯೇ ಇಲ್ಲ. ಬವೇರಿಯಾದಲ್ಲಿ ಕೊನೆಯ ಕಾಡು ಕರಡಿಯನ್ನು 1835 ರಲ್ಲಿ ಕೊಂದರು. 2006 ರಲ್ಲಿ ಆಲ್ಪ್ಸ್ ದಾಟಿ ಒಂದು ಬಂತು, ಜನ ಬ್ರೂನೋ ಅಂತ ಹೆಸರಿಟ್ಟರು, ಕುರಿ ಕೊಂದು ಜೇನುಗೂಡು ಕಿತ್ತು ತಿರುಗಿತು, ಕೆಲವೇ ವಾರದಲ್ಲಿ ಗುಂಡಿಗೆ ಬಲಿಯಾಯಿತು. ತೋಳಗಳದು ಬೇರೆ ಕಥೆ. ಅವು ಪೋಲೆಂಡ್ ಕಡೆಯಿಂದ ತಾವಾಗಿಯೇ ವಾಪಸ್ ಬಂದವು, 2000 ದಲ್ಲಿ ಸ್ಯಾಕ್ಸನಿಯಲ್ಲಿ ಮರಿ ಹಾಕಿದವು, ಈಗ ಕುರಿ ಸಾಕುವವರಿಗೂ ಪರಿಸರದವರಿಗೂ ಅದೇ ಜಗಳ. ಹಾಗಾಗಿ ಊರಿಂದ ಬಂದ ಹಿರಿಯರಿಗೆ ತೋರಿಸಬೇಕಾದದ್ದು ಇಂಥವನ್ನು. ಕಂದು ಕರಡಿ, ಲಿಂಕ್ಸ್, ಯುರೋಪಿನ ಕಾಡುಕೋಣವಾದ ವೀಸೆಂಟ್. ನಮ್ಮ ಕಾಡಿನಲ್ಲಿ ಇವು ಸಿಗಲ್ಲ.

ಅಪ್ಪ ಮಾತ್ರ ಅವೆಲ್ಲ ಬಿಟ್ಟು ಕಾಡುಹಂದಿಯ ಬೇಲಿಯ ಮುಂದೆ ನಿಂತುಬಿಟ್ಟರು. ಪಕ್ಕದಲ್ಲಿ ಒಂದು ಡಬ್ಬಿ, ನಾಣ್ಯ ಹಾಕಿದರೆ ಒಂದು ಹಿಡಿ ಜೋಳ ಬೀಳುತ್ತದೆ, ಜನ ಕ್ಯೂ ನಿಂತು ಹಂದಿಗೆ ತಿನ್ನಿಸುತ್ತಿದ್ದರು. "ನಾವು ರಾತ್ರಿಯೆಲ್ಲ ಗದ್ದೆಯಲ್ಲಿ ಪಟಾಕಿ ಹೊಡೆದು ಓಡಿಸ್ತೀವಿ, ಇವರು ದುಡ್ಡು ಕೊಟ್ಟು ಕರೀತಾರಲ್ಲ" ಅಂದರು. ಆಮೇಲೆ ತಾವೇ ಐವತ್ತು ಸೆಂಟ್ ಇಸಿದುಕೊಂಡು ಹೋಗಿ ಒಂದು ಹಿಡಿ ಹಾಕಿ ಬಂದರು.

ಸರೋವರದ ಕಡೆ ಹೋಗುವವರಿಗೆ

ಬೋಡನ್‌ಸೇ ಸರೋವರದ ಪ್ರವಾಸದ ಜೊತೆಗೆ ಸೇರಿಸಿಕೊಳ್ಳಲು ಎರಡು ಜಾಗ. ಕೋನ್‌ಸ್ಟಾನ್ಸ್ ಹತ್ತಿರ ಆಲೆನ್ಸ್‌ಬಾಖ್‌ನ ಪಾರ್ಕ್, ಇದು ಹೆಚ್ಚಾಗಿ ಪ್ರಾಣಿಗಳದ್ದು, ಆಟಗಳು ಚಿಕ್ಕ ಮಕ್ಕಳಿಗೆ. ಇನ್ನೊಂದು ಸಾಲೆಮ್‌ನ ಆಫೆನ್‌ಬೆರ್ಗ್, ಅಂದರೆ ಕೋತಿಗಳ ಗುಡ್ಡ, 1976 ರಿಂದ ಇದೆ. ಸುಮಾರು 200 ಬಾರ್ಬರಿ ಕೋತಿಗಳು ಬೇಲಿಯಿಲ್ಲದೆ ಕಾಡಿನಲ್ಲಿ ತಿರುಗುತ್ತವೆ. ಬಾಲ ಇಲ್ಲದ ಕೋತಿಗಳು, ಮೊರಾಕೊ, ಅಲ್ಜೀರಿಯಾ ಕಡೆಯವು. ಜರ್ಮನ್ ಮಕ್ಕಳು ಅಚ್ಚರಿಯಿಂದ ನೋಡುತ್ತಾರೆ. ನಮ್ಮಮ್ಮ ಗೇಟಿನೊಳಗೆ ಕಾಲಿಟ್ಟವರೇ ಕನ್ನಡಕ ತೆಗೆದು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಕೊಂಡರು. ದೇವಸ್ಥಾನಗಳ ಅಭ್ಯಾಸ. ಇಲ್ಲಿನ ಕೋತಿಗಳು ಅಷ್ಟು ಪುಂಡಲ್ಲ.

ಕೊಲೋನ್, ಬಾನ್ ಕಡೆಯವರಿಗೆ ಮೋಸೆಲ್ ನದಿಯ ಮೇಲಿನ ಗುಡ್ಡದಲ್ಲಿ ಕ್ಲೋಟನ್, ಬಿಟ್‌ಬುರ್ಗ್ ಹತ್ತಿರ ಗೊಂಡೋರ್ಫ್‌ನ ಐಫೆಲ್‌ಪಾರ್ಕ್. ಎರಡೂ ಮಧ್ಯಮ ಗಾತ್ರದವು, ಪ್ರಾಣಿ-ಆಟ ಎರಡೂ ಇವೆ. ಕ್ಲೋಟನ್‌ಗೆ ಹೋದರೆ ಕೆಳಗೆ ಕೋಖೆಮ್ ಕೋಟೆಯೂ ಆಗುತ್ತದೆ, ಅದು ಲಾಭ.

ಟಿಕೆಟ್ ತೆಗೆಯುವ ಮುಂಚೆ

ಎತ್ತರದ ವಿಷಯ ಮರೆಯಬೇಡಿ. ಒಮ್ಮೆ ಒಂದು ಪಾರ್ಕಿನಲ್ಲಿ ಮಗಳು ಮುಕ್ಕಾಲು ಗಂಟೆ ಕ್ಯೂ ನಿಂತು, ಕೊನೆಗೆ ಅಳತೆ ಕೋಲಿನ ಮುಂದೆ ಮೂರು ಸೆಂಟಿಮೀಟರ್ ಕಡಿಮೆ ಬಿದ್ದಳು. ಅಲ್ಲಿನ ಹುಡುಗ ಪಾಪ ಒಳ್ಳೆಯವನೇ, ಆದರೆ ನಿಯಮ ಅಂದರೆ ನಿಯಮ, ದಪ್ಪ ಸಾಕ್ಸ್ ಹಾಕಿಸಿದರೂ ನಡೆಯಲ್ಲ. ಅವತ್ತಿನ ಅಳು ಕಾರು ಮನೆ ಮುಟ್ಟುವವರೆಗೂ ನಿಂತಿರಲಿಲ್ಲ. ಹೊರಡುವ ಮುಂಚೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ಪ್ರತಿ ರೈಡಿನ ಅಳತೆಯನ್ನೂ ಪಾರ್ಕ್‌ಗಳು ಮೊದಲೇ ಹಾಕಿರುತ್ತವೆ. ಒಂದು ಮೀಟರ್ ಒಳಗಿನ ಮಗುವಿದ್ದರೆ ಆಟಕ್ಕೆ ಅಂತ ದೊಡ್ಡ ದುಡ್ಡು ಹಾಕಬೇಡಿ, ಸುಮ್ನೆ ಪ್ರಾಣಿಗಳ ಪಾರ್ಕಿಗೆ ಹೋಗಿ.

ಊಟದ ಚಿಂತೆ ಬೇಡ. ನಮ್ಮೂರಿನ ಎಷ್ಟೋ ಆಟದ ಪಾರ್ಕ್‌ಗಳ ಹಾಗೆ ಬ್ಯಾಗ್ ತಡಕಿ ತಿಂಡಿ ಕಸಿಯುವ ಪದ್ಧತಿ ಇಲ್ಲಿ ಸಾಮಾನ್ಯವಾಗಿ ಇಲ್ಲ. ಎಲ್ಲರೂ ಡಬ್ಬಿ ತಂದು ಬೆಂಚ್ ಮೇಲೆ ಬಿಚ್ಚಿ ತಿನ್ನುತ್ತಾರೆ, ಸ್ವಾಬಿಯನ್ನರು ಅದಕ್ಕೆ ವೆಸ್ಪರ್ ಅನ್ನುತ್ತಾರೆ. ನಮ್ಮ ವೆಸ್ಪರ್ ಪುಳಿಯೋಗರೆ, ಚಪಾತಿ ಸುರುಳಿ. ಹೊರಗೆ ತಿನ್ನುವ ಸಸ್ಯಾಹಾರಿಗಳಿಗೆ ಆಲೂ ಫ್ರೈಸ್, ಬ್ರೆಟ್ಜೆಲ್, ಚೀಸ್ ಹಾಕಿದ ಸ್ಪೆಟ್ಸ್‌ಲೆ, ಅಂದರೆ ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ದಪ್ಪ ಶಾವಿಗೆ ಇರುತ್ತವೆ. ಮೌಲ್‌ಟಾಶನ್ ಕಂಡರೆ ಕೇಳಿ ತಿನ್ನಿ. ಹೊರಗಿಂದ ನೋಡಿದರೆ ಬರೀ ಹಿಟ್ಟಿನ ಕಡುಬು, ಒಳಗೆ ಮಾಂಸ. ಉಪವಾಸದ ದಿನ ದೇವರಿಗೆ ಕಾಣಬಾರದು ಅಂತಲೇ ಹಾಗೆ ಮುಚ್ಚಿದ್ದು ಅಂತ ಸ್ವಾಬಿಯನ್ನರೇ ತಮಾಷೆ ಮಾಡುತ್ತಾರೆ. ದೇವರೇ ಏಮಾರಿದ ಮೇಲೆ ನಾವು ಯಾವ ಲೆಕ್ಕ. ಮನುಷ್ಯರ ತಿಂಡಿಯನ್ನು ಪ್ರಾಣಿಗಳಿಗೆ ಮಾತ್ರ ಹಾಕಬೇಡಿ, ಅಲ್ಲಿ ಮಾರುವ ಆಹಾರವನ್ನೇ ಹಾಕಬೇಕು. ಅದಕ್ಕೆ ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ, ಎಷ್ಟೋ ಡಬ್ಬಿಗಳು ಕಾರ್ಡ್ ತೆಗೆದುಕೊಳ್ಳಲ್ಲ.

ಚಿಕ್ಕವರಿದ್ದರೆ ಸ್ಟ್ರೋಲರ್‌ಗಿಂತ ಬೊಲರ್‌ವಾಗನ್ ಬಾಡಿಗೆಗೆ ತೆಗೆದುಕೊಳ್ಳಿ. ಕೈಯಲ್ಲಿ ಎಳೆಯುವ ಮರದ ಗಾಡಿ. ಮಗು, ಬ್ಯಾಗು, ಜಾಕೆಟ್, ಡಬ್ಬಿ ಎಲ್ಲ ಅದರಲ್ಲೇ. ಹತ್ತು ಗಂಟೆಯ ಮೇಲೆ ಹೋದರೆ ಒಂದೂ ಉಳಿದಿರಲ್ಲ.

ಇನ್ನು ದಿನ. ಹೆಚ್ಚಿನ ಆಟದ ಪಾರ್ಕ್‌ಗಳು ಈಸ್ಟರ್ ಹೊತ್ತಿಗೆ ತೆರೆದು ನವೆಂಬರ್ ಶುರುವಿನಲ್ಲಿ ಮುಚ್ಚುತ್ತವೆ. ಮೇ, ಜೂನ್‌ನಲ್ಲಿ ಜಿಂಕೆ ಮರಿಗಳು. ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್‌ನಲ್ಲಿ ಗಂಡು ಕೆಂಪು ಜಿಂಕೆಗಳು ಕೂಗುತ್ತವೆ, ಆ ಸದ್ದು ಕೇಳಿದರೆ ಜಿಂಕೆ ಅಂತ ನಂಬೋಕೆ ಆಗಲ್ಲ. ರಜೆಯ ಲೆಕ್ಕ ಒಂದನ್ನು ಮಾತ್ರ ಬಾಯಿಪಾಠ ಮಾಡಿಟ್ಟುಕೊಳ್ಳಿ. ಪ್ರತಿ ರಾಜ್ಯಕ್ಕೂ ಶಾಲೆಯ ರಜೆ ಬೇರೆ. ಬಾಡನ್-ವ್ಯುರ್ಟೆಂಬೆರ್ಗ್, ಬವೇರಿಯಾದಲ್ಲಿ ಪೆಂಟೆಕೋಸ್ಟ್ ಹಬ್ಬಕ್ಕೆ ಎರಡು ವಾರ ರಜೆ, ಉತ್ತರದಲ್ಲಿ ಅಷ್ಟಿಲ್ಲ. ಸೆಪ್ಟೆಂಬರ್ ಮೊದಲ ವಾರ ನಮ್ಮ ಮಕ್ಕಳಿಗೆ ಇನ್ನೂ ಬೇಸಿಗೆ ರಜೆ, ಹ್ಯಾನೋವರ್ ಕಡೆ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಸೆರೆಂಗೆಟಿಗೆ ಹೋಗಲೇಬೇಕು ಅನ್ನುವ ದಕ್ಷಿಣದವರು ಆ ವಾರ ಹೊರಡಿ. ಹಾಗಂತ ಇಲ್ಲಿ ಶಾಲೆ ಇರುವ ದಿನ ಮಕ್ಕಳಿಗೆ ಜ್ವರ ಅಂತ ಹೇಳಿ ಕರೆದುಕೊಂಡು ಹೋಗಬೇಡಿ, ದಂಡ ಬೀಳುತ್ತದೆ. ಅಲ್ಲದೆ ಮಾರನೇ ದಿನ ನಿಮ್ಮ ಮಗನೇ ಟೀಚರ್ ಹತ್ತಿರ ಹೋಗಿ ಕರಡಿಯ ಕಥೆ ಹೇಳಿಬಿಡುತ್ತಾನೆ.

ಈ ವರ್ಷ ಅಪ್ಪ ಅಮ್ಮ ಮೇ ಕೊನೆಗೆ ಬರುತ್ತಾರೆ. ಮಗಳು 1 ಮೀಟರ್ 4 ಸೆಂಟಿಮೀಟರ್ ಆಗಿದ್ದಾಳೆ, ಅಮ್ಮ ಒಂದು ಮಂಡಿಗೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಹಾಗಾಗಿ ಸ್ಟೈನ್‌ವಾಸನ್ ಮುಂದಕ್ಕೆ ಹಾಕಿ, ಟ್ರಿಪ್ಸ್‌ಡ್ರಿಲ್‌ಗೇ ಇನ್ನೊಮ್ಮೆ ಹೋಗುವುದು ಅಂತ ಆಗಿದೆ. ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ: ಅಲ್ಲೂ ಹಂದಿ ಇದೆ ತಾನೆ?